ಮಗು ಶಾಲೆಗೆ ಹೊರಟಾಗ: ಕ್ಯಾಲಿಫೋರ್ನಿಯಾಕ್ಕೆ ಹೊಸದಾಗಿ ಬಂದ ಕನ್ನಡ ಮನೆಗಳಿಗೆ

ಆಗಸ್ಟ್ ಹತ್ತಿರ ಬಂತೆಂದರೆ ನಮ್ಮ ಕೂಟಕ್ಕೆ ಬರುವ ಫೋನುಗಳಲ್ಲಿ ಜಾಸ್ತಿ ಶಾಲೆಯ ಬಗ್ಗೆಯೇ ಇರುತ್ತವೆ. ಮಗುವಿಗೆ ಐದೋ ಆರೋ ವರ್ಷ, ಊರಿಂದ ಬಂದು ಎರಡು ವಾರ ಆಗಿದೆ, ಇನ್ನೇನು ಶಾಲೆ ಶುರು. ಪುಸ್ತಕ ಎಲ್ಲಿ ಸಿಗುತ್ತೆ, ಯೂನಿಫಾರ್ಮ್ ಯಾವ ಬಣ್ಣ, ಡೊನೇಷನ್ ಎಷ್ಟು ಅಂತ ಕೇಳುತ್ತಾರೆ. ಇಲ್ಲಿನ ಸರ್ಕಾರಿ ಶಾಲೆಗೆ ಫೀಸಿಲ್ಲ. ಪುಸ್ತಕ ಶಾಲೆಯೇ ಕೊಡುತ್ತದೆ. ಹೆಚ್ಚಿನ ಕಡೆ ಯೂನಿಫಾರ್ಮೂ ಇಲ್ಲ.

ಹಾಗಾದರೆ ತಯಾರಿ ಯಾವುದಕ್ಕೆ? ಮೊದಲ ವಾರಗಳಲ್ಲಿ ಟೀಚರು ಗಮನಿಸುವುದು ಮುಖ್ಯವಾಗಿ ಎರಡು ವಿಷಯ. ಮಗು ತನ್ನ ಕೆಲಸ ತಾನೇ ಮಾಡಿಕೊಳ್ಳುತ್ತದೆಯೇ? ಬೇಕಾದ್ದನ್ನು ಬಾಯಿಬಿಟ್ಟು ಕೇಳುತ್ತದೆಯೇ? ನಮ್ಮ ಮಕ್ಕಳು ಎಡವುವುದೂ ಇಲ್ಲೇ. ನೂರರವರೆಗೆ ಎಣಿಸುತ್ತಾರೆ, ಮಗ್ಗಿ ಹೇಳುತ್ತಾರೆ, ಜಾಕೆಟ್ಟಿನ ಜಿಪ್ಪು ಹಾಕಿಕೊಳ್ಳಲು ಬರುವುದಿಲ್ಲ. ಅದು ಮಕ್ಕಳ ತಪ್ಪಲ್ಲ. ಅಜ್ಜಿ, ಅಮ್ಮ, ಅತ್ತೆ ಎಲ್ಲರೂ ಎಲ್ಲ ಮಾಡಿಕೊಡುತ್ತಿದ್ದ ಮನೆಯಿಂದ ಬಂದಿರುತ್ತಾರೆ. ಇಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳಿಗೆ ಬಹುತೇಕ ಒಬ್ಬರೇ ಟೀಚರು.

ಸೇರಿಸುವ ಮುಂಚೆ

ಶಾಲೆ ಯಾವುದು ಅನ್ನುವುದನ್ನು ನಿಮ್ಮ ಮನೆ ವಿಳಾಸ ತೀರ್ಮಾನಿಸುತ್ತದೆ. ಆದ್ದರಿಂದ ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು, ಆ ಭಾಗದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಕೂಲ್ ಡಿಸ್ಟ್ರಿಕ್ಟ್‌ನ ವೆಬ್‌ಸೈಟಿನಲ್ಲಿ ಆ ವಿಳಾಸ ಹಾಕಿ ನೋಡಿ. ಹತ್ತಿರದ ಶಾಲೆ ತುಂಬಿದ್ದರೆ ಬೇರೆ ಶಾಲೆಗೆ ಕಳಿಸುವುದೂ ಉಂಟು. ವೀಸಾ ಯಾವುದು ಅನ್ನುವುದು ಮುಖ್ಯವಲ್ಲ. ವಲಸೆ ದಾಖಲೆ ಇಲ್ಲವೆಂದು ಮಗುವನ್ನು ಶಾಲೆಯಿಂದ ಹೊರಗಿಡುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟು 1982ರಲ್ಲೇ ಹೇಳಿದೆ.

ತರಗತಿ ನಿರ್ಧಾರವಾಗುವುದು ವಯಸ್ಸಿನ ಮೇಲೆ. ಸೆಪ್ಟೆಂಬರ್ 1ಕ್ಕೆ ಮಗುವಿಗೆ 5 ತುಂಬಿದ್ದರೆ ಕಿಂಡರ್‌ಗಾರ್ಟನ್. 2025–26ರಿಂದ, ಅದೇ ದಿನಕ್ಕೆ 4 ತುಂಬಿದ್ದರೆ ಅದರ ಹಿಂದಿನ ತರಗತಿಯಾದ ಟಿಕೆಗೆ, ಅಂದರೆ ಟ್ರಾನ್ಸಿಷನಲ್ ಕಿಂಡರ್‌ಗಾರ್ಟನ್‌ಗೆ ಸೇರಿಸಬಹುದು. ಊರಲ್ಲಿ ಒಂದನೇ ಕ್ಲಾಸಿಗೆ ಹೋಗುತ್ತಿದ್ದ ಮಗುವನ್ನು ಇಲ್ಲಿ ಕಿಂಡರ್‌ಗಾರ್ಟನ್‌ನಲ್ಲಿ ಕೂರಿಸಿದರೆ ಒಂದು ವರ್ಷ ಹಾಳಾಯಿತು ಅಂತ ತಲೆ ಕೆಡಿಸಿಕೊಳ್ಳಬೇಡಿ. ಹೊಸ ದೇಶ, ಹೊಸ ಮಾತು. ಆ ವರ್ಷ ಮಗುವಿಗೆ ಬೇಕು.

ಲಸಿಕೆ ವಿಷಯದಲ್ಲಿ ನಮ್ಮವರು ಪ್ರತಿ ವರ್ಷ ಸಿಕ್ಕಿಬೀಳುತ್ತಾರೆ. ಮೊದಲನೆಯದು ತಾರೀಖು. ನಾವು ದಿನ ಮೊದಲು ಬರೆಯುತ್ತೇವೆ, ಇಲ್ಲಿ ತಿಂಗಳು ಮೊದಲು. ನಮ್ಮ ಕಾರ್ಡಿನಲ್ಲಿ 4/7 ಅಂದರೆ ಜುಲೈ 4. ಆಫೀಸಿನವರು ಅದನ್ನು ಏಪ್ರಿಲ್ 7 ಅಂತ ಓದುತ್ತಾರೆ, ಲೆಕ್ಕ ತಪ್ಪುತ್ತದೆ. ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆದ ಒಂದು ಪಟ್ಟಿ ಮಾಡಿ ಕಾರ್ಡಿನ ಜೊತೆ ಕೊಡಿ. ಎರಡನೆಯದು, ಊರಿನ ಸರ್ಕಾರಿ ಪಟ್ಟಿಯಲ್ಲಿ ಇರುವುದು ಎಂಆರ್, ಅಂದರೆ ದಡಾರ ಮತ್ತು ರುಬೆಲ್ಲಾ ಲಸಿಕೆ. ಅದರಲ್ಲಿ ಮಂಗನಬಾವು ಸೇರಿಲ್ಲ, ಮೊದಲ ಡೋಸನ್ನು ವರ್ಷ ತುಂಬುವ ಮೊದಲೇ ಹಾಕಿರುತ್ತಾರೆ. ಕ್ಯಾಲಿಫೋರ್ನಿಯಾ ಕೇಳುವುದು ಮಂಗನಬಾವೂ ಸೇರಿರುವ ಎಂಎಂಆರ್, ವರ್ಷ ತುಂಬಿದ ಮೇಲೆ ಹಾಕಿಸಿದ ಎರಡು ಡೋಸ್. ಚಿಕನ್‌ಪಾಕ್ಸ್ ಲಸಿಕೆಯದ್ದೂ ಎರಡು ಡೋಸ್ ಬೇಕು. ಅದು ನಮ್ಮ ಸರ್ಕಾರಿ ಪಟ್ಟಿಯಲ್ಲಿ ಇಲ್ಲ. ಹಾಗಾಗಿ ಇಳಿದ ಕೂಡಲೇ ಮಕ್ಕಳ ಡಾಕ್ಟರ ಹತ್ತಿರ ಸಮಯ ಕೇಳಿ. ಸಾಂತಾ ಕ್ಲಾರಾ ಕೌಂಟಿಯಲ್ಲಿ ಇರುವವರು ಕ್ಷಯರೋಗದ ಫಾರ್ಮನ್ನೂ ಅವರಿಂದಲೇ ತುಂಬಿಸಿಕೊಳ್ಳಬೇಕು. ಮಗುವಿಗೆ ಬಿಸಿಜಿ, ಅಂದರೆ ಕ್ಷಯದ ಲಸಿಕೆ ಆಗಿದೆ ಅಂತ ಮರೆಯದೆ ಹೇಳಿ. ಬಿಸಿಜಿ ಆದ ಮಕ್ಕಳಿಗೆ ಚರ್ಮದ ಪರೀಕ್ಷೆ ಸುಮ್ನೆ ಪಾಸಿಟಿವ್ ತೋರಿಸಬಹುದು. ರಕ್ತ ಪರೀಕ್ಷೆಯಲ್ಲಿ ಆ ತೊಂದರೆ ಇಲ್ಲ.

ಇನ್ನು ಹೆಸರು. ನಮ್ಮಲ್ಲಿ ಇನಿಷಿಯಲ್ ಇಟ್ಟುಕೊಳ್ಳುತ್ತೇವೆ, ಅಪ್ಪನ ಹೆಸರು ಕೊನೆಗೆ ಹೋಗಿರುತ್ತದೆ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೇ ಫಾರ್ಮಿನಲ್ಲಿ ಬರೆಯಿರಿ. ಮಗುವನ್ನು ಏನಂತ ಕರೆಯಬೇಕು ಅನ್ನುವುದಕ್ಕೆ ಬೇರೆ ಜಾಗ ಕೊಟ್ಟಿರುತ್ತಾರೆ, ಅದನ್ನು ಖಾಲಿ ಬಿಡಬೇಡಿ. ಟೀಚರು ತಪ್ಪಾಗಿ ಕರೆದರೆ ಮೊದಲ ದಿನವೇ ತಿದ್ದಿ. ಎರಡು ಸಲ ನಿಧಾನವಾಗಿ ಹೇಳಿಕೊಟ್ಟರೆ ಕಲಿತುಕೊಳ್ಳುತ್ತಾರೆ, ಕಲಿಯಲು ಅವರಿಗೂ ಆಸೆ ಇರುತ್ತದೆ. ಆ ಹೊತ್ತು ಸಂಕೋಚಪಟ್ಟು ಸುಮ್ಮನಿದ್ದರೆ ವರ್ಷವಿಡೀ ತಪ್ಪು ಹೆಸರೇ ಗತಿ.

ಊಟದ ಡಬ್ಬಿ

ನನ್ನ ಮಗಳು ಕಿಂಡರ್‌ಗಾರ್ಟನ್‌ಗೆ ಸೇರಿದ ಮೊದಲ ವಾರ ಡಬ್ಬಿ ಹೋದ ಹಾಗೇ ವಾಪಸು ಬರುತ್ತಿತ್ತು. ಹಸಿವಿಲ್ಲ ಅಂದಳು. ಅನ್ನ ಬೇಡವೇನೋ ಅಂತ ಚಪಾತಿ ಸುತ್ತಿ ಕೊಟ್ಟೆ, ಆಮೇಲೆ ದೋಸೆ. ಅದೂ ಹಾಗೇ ಬಂತು. ಶುಕ್ರವಾರ ಸಂಜೆ ಅಡುಗೆಮನೆಯಲ್ಲಿ ಅವಳ ಕೈಗೇ ಡಬ್ಬಿ ಕೊಟ್ಟು, ತೆಗಿ ನೋಡೋಣ ಅಂದೆ. ನಾಲ್ಕೂ ಕಡೆ ಕೊಂಡಿ ಇರುವ, ಸಾರು ಚೆಲ್ಲದಂಥ ಸ್ಟೀಲ್ ಡಬ್ಬಿ. ಹೆಬ್ಬೆರಳು ಒತ್ತಿದಳು, ಉಗುರು ಹಾಕಿದಳು, ಹೊಟ್ಟೆಗೆ ಅವುಚಿಕೊಂಡು ಎಳೆದಳು. ಒಂದು ಕೊಂಡಿಯೂ ಅಲ್ಲಾಡಲಿಲ್ಲ. ಯಾರಿಗಾದರೂ ಹೇಳಬಾರದಿತ್ತಾ ಅಂದರೆ, "ಇಂಗ್ಲಿಷಲ್ಲಿ ಹೇಗೆ ಕೇಳೋದು?" ಅಂದಳು. ಐದು ದಿನ ಮಗು ಹಸಿದು ಕೂತಿತ್ತು. ಇವತ್ತಿಗೂ ಅದನ್ನು ನೆನೆದರೆ ಹೊಟ್ಟೆ ಕಿವುಚುತ್ತದೆ.

ಆದ್ದರಿಂದ ಶಾಲೆ ಶುರುವಾಗುವ ಮೊದಲು ಮನೆಯಲ್ಲೇ ಒಂದು ವಾರ ಅಭ್ಯಾಸ ಮಾಡಿಸಿ. ಶಾಲೆಯ ಡಬ್ಬಿಯಲ್ಲೇ ಊಟ ಹಾಕಿ, ನೆಲದ ಮೇಲೆ ಕೂರಿಸಿ, ಗಡಿಯಾರ ಇಡಿ. ಬಹಳ ಶಾಲೆಗಳಲ್ಲಿ ತಿನ್ನಲು ಸಿಗುವುದು 20 ನಿಮಿಷದ ಆಸುಪಾಸು. ಆಟಕ್ಕೆ ಓಡುವ ಆತುರ ಬೇರೆ. ಮುದ್ದೆ, ಸಾರು, ಮೊಸರನ್ನ ಸಂಜೆಗೆ ಇರಲಿ. ಪುಟ್ಟ ಇಡ್ಲಿ, ಒತ್ತುಶ್ಯಾವಿಗೆ, ತುಂಡು ಮಾಡಿದ ದೋಸೆ, ಹಣ್ಣು, ಇಂಥವು ಒಂದೇ ಕೈಯಲ್ಲಿ ಮುಗಿಯುತ್ತವೆ. "ಕ್ಯಾನ್ ಯೂ ಪ್ಲೀಸ್ ಓಪನ್ ದಿಸ್?" ಅನ್ನುವ ಒಂದು ವಾಕ್ಯವನ್ನು ಎಬಿಸಿಡಿಗಿಂತ ಮೊದಲು ಕಲಿಸಿ.

ಶೇಂಗಾ ವಿಷಯದಲ್ಲಿ ತುಂಬಾ ಜೋಪಾನ. ಶೇಂಗಾ ಅಲರ್ಜಿ ಇರುವ ಮಗುವಿಗೆ ಚೂರು ಹೊಟ್ಟೆಗೆ ಹೋದರೂ ಉಸಿರು ಕಟ್ಟಬಹುದು. ಅದಕ್ಕೇ ಕೆಲವು ತರಗತಿಗಳಲ್ಲಿ, ಕೆಲವು ಮೇಜುಗಳಲ್ಲಿ ಅದು ಪೂರ್ತಿ ನಿಷೇಧ. ಪೀನಟ್ ಬಟರ್ ತಾನೇ, ನಮ್ಮನೇಲಿ ಅದಿಲ್ಲ ಅಂದುಕೊಳ್ಳುತ್ತೇವೆ. ಚಿತ್ರಾನ್ನದ ಒಗ್ಗರಣೆ, ಪುಳಿಯೋಗರೆ, ಅವಲಕ್ಕಿ, ಶೇಂಗಾ ಚಟ್ನಿಪುಡಿ, ಹೋಳಿಗೆ ಹೂರಣ, ಎಳ್ಳುಬೆಲ್ಲ, ಎಲ್ಲದರಲ್ಲೂ ಶೇಂಗಾ ಇರಬಹುದಲ್ವಾ? ಸಂಕ್ರಾಂತಿಗೆ ತರಗತಿಗೆ ಎಳ್ಳು ಬೀರಬೇಕು ಅನ್ನಿಸಿದರೆ ಮೊದಲು ಟೀಚರನ್ನು ಕೇಳಿ. ಎಳ್ಳಿಗೂ ಅಲರ್ಜಿ ಇರುವ ಮಕ್ಕಳಿದ್ದಾರೆ.

ಶಾಲೆಯ ಊಟವೂ ಒಂದು ದಾರಿ. 2022–23ರಿಂದ ಕ್ಯಾಲಿಫೋರ್ನಿಯಾದ ಸರ್ಕಾರಿ ಶಾಲೆಗಳಲ್ಲಿ ಎಲ್ಲ ಮಕ್ಕಳಿಗೂ ಬೆಳಗ್ಗಿನ ತಿಂಡಿ, ಮಧ್ಯಾಹ್ನದ ಊಟ ಉಚಿತ, ಸಂಬಳ ಎಷ್ಟೇ ಇರಲಿ. ಸಸ್ಯಾಹಾರಿಗಳು ತಿಂಗಳ ಮೆನು ನೋಡಿ ದಿನ ಆರಿಸಿಕೊಳ್ಳಬಹುದು. ಜೆಲಾಟಿನ್ ಇರುವ ಮಾರ್ಷ್‌ಮ್ಯಾಲೋ, ಗಮ್ಮಿ ಮಿಠಾಯಿ, ಮೊಟ್ಟೆ ಹಾಕಿದ ಕೇಕು ಬೇಡ ಅನ್ನುವವರು ಟೀಚರಿಗೆ ಬರೆದು ಕೊಡಿ. ಮಗುವಿಗೂ ಹೇಳಿಕೊಡಿ.

ತರಗತಿಯೊಳಗೆ

ದಿನ ಶುರುವಾಗುವುದು ಕಾರ್ಪೆಟ್ ಮೇಲೆ. ಮಕ್ಕಳು ಚಕ್ಕಂಬಕ್ಕಲ ಹಾಕಿ ಕೂರುತ್ತಾರೆ. ಇದರಲ್ಲಿ ನಮ್ಮ ಮಕ್ಕಳನ್ನು ಮೀರಿಸುವವರಿಲ್ಲ. ಆಮೇಲಿನದು ಕಷ್ಟ. ಟೀಚರು ಕತೆ ಓದಿ, ನಿನಗೇನು ಅನ್ನಿಸಿತು ಅಂತ ಕೇಳುತ್ತಾರೆ. ಕೇಳಿದ ಪ್ರಶ್ನೆಗೆ ಒಂದು ಸರಿ ಉತ್ತರ ಕೊಟ್ಟು ಅಭ್ಯಾಸವಾದ ಮಗು ಏನು ಹೇಳಲಿ ಅಂತ ತಡಬಡಿಸುತ್ತದೆ. ಊರಲ್ಲಿ ಸುಮ್ಮನೆ ಕೂತ ಮಗು ಒಳ್ಳೆಯ ಮಗು. ಇಲ್ಲಿ ತೀರಾ ಸುಮ್ಮನಿದ್ದರೆ ಟೀಚರಿಗೆ ಚಿಂತೆ ಶುರುವಾಗುತ್ತದೆ. ರಾತ್ರಿ ಕತೆ ಹೇಳುವಾಗ ನಡುವೆ ನಿಲ್ಲಿಸಿ, ಪುಣ್ಯಕೋಟಿ ಯಾಕೆ ವಾಪಸು ಹೋಯಿತು, ನೀನಾಗಿದ್ದರೆ ಹೋಗುತ್ತಿದ್ದೆಯಾ ಅಂತ ಕೇಳಿ. ಕನ್ನಡದಲ್ಲೇ ಕೇಳಿ. ಈ ಅಭ್ಯಾಸಕ್ಕೆ ಯಾವ ಭಾಷೆಯಾದರೂ ಆದೀತು.

ತಲೆ ಆಡಿಸುವುದೂ ಒಂದು ಪೇಚು. ಅರ್ಥವಾಯಿತಾ ಅಂದರೆ ನಮ್ಮ ಮಕ್ಕಳು ತಲೆಯನ್ನು ಅತ್ತಿತ್ತ ತೂಗುತ್ತಾರೆ. ಟೀಚರ ಕಣ್ಣಿಗೆ ಅದು "ಇಲ್ಲ" ಅಂತ ಕಾಣುತ್ತದೆ. ಎಸ್, ನೋ ಅಂತ ಬಾಯಲ್ಲಿ ಹೇಳಲು ಕಲಿಸಿ. ಟೀಚರನ್ನು ಬರೀ ಮಿಸ್ ಅನ್ನುವ ಬದಲು ಅವರ ಹೆಸರು ಸೇರಿಸಿ ಕರೆಯುವುದು ಇಲ್ಲಿನ ರೂಢಿ.

ಶೌಚಾಲಯದ ವಿಷಯ ಯಾರೂ ಹೇಳುವುದಿಲ್ಲ, ಹಾಗಾಗಿ ನಾನೇ ಹೇಳುತ್ತೇನೆ. ಅಲ್ಲಿ ನೀರಿನ ಚೊಂಬಿಲ್ಲ, ಪೈಪಿಲ್ಲ, ಕಾಗದ ಮಾತ್ರ. ತೊಳೆಯಲು ಯಾರೂ ಬರುವುದಿಲ್ಲ. ಎಷ್ಟೋ ಮಕ್ಕಳು ಮನೆಗೆ ಬರುವ ತನಕ ತಡೆದುಕೊಂಡು ಹೊಟ್ಟೆನೋವು ಬರಿಸಿಕೊಳ್ಳುತ್ತಾರೆ. ಮನೆಯಲ್ಲಿ ಅಭ್ಯಾಸ ಮಾಡಿಸಿ, ಗುಂಡಿ ಕಷ್ಟವಾದರೆ ಎಲಾಸ್ಟಿಕ್ ಪ್ಯಾಂಟು ಹಾಕಿ, ಒಂದು ಜೊತೆ ಬಟ್ಟೆ ಬ್ಯಾಗಿನಲ್ಲಿ ಇಡಿ.

ಬೆಂಕಿ, ಭೂಕಂಪ, ಲಾಕ್‌ಡೌನ್ (ಅಪಾಯ ಬಂದಾಗ ಬಾಗಿಲು ಹಾಕಿಕೊಂಡು ಒಳಗೇ ಇರುವುದು) ಡ್ರಿಲ್‌ಗಳು ನಡೆಯುತ್ತವೆ. ಭೂಕಂಪದ ಡ್ರಿಲ್ ಆದರೆ ಮೇಜಿನ ಕೆಳಗೆ ತೂರಿ ತಲೆ ಮುಚ್ಚಿಕೊಳ್ಳಬೇಕು ಅಂತ ಮೊದಲೇ ಆಟದ ಹಾಗೆ ತೋರಿಸಿದ್ದರೆ ಮಗು ಬೆಚ್ಚಿಬೀಳುವುದಿಲ್ಲ.

ಹೊಡೆತದ ಬಗ್ಗೆ ಮುಚ್ಚುಮರೆ ಇಲ್ಲದೆ ಹೇಳಬೇಕು. ಇಲ್ಲಿ ಟೀಚರು ಮಗುವಿಗೆ ಹೊಡೆಯುವಂತಿಲ್ಲ. ಮನೆಯಲ್ಲಿ ಮಗುವಿಗೆ ಪೆಟ್ಟಾಗುತ್ತಿದೆ ಎಂಬ ಅನುಮಾನ ಬಂದರೆ ಅದನ್ನು ವರದಿ ಮಾಡುವುದು ಕಾನೂನಿನ ಪ್ರಕಾರ ಅವರ ಕರ್ತವ್ಯ. ಕೈ ಎತ್ತುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ಕಾನೂನಿನ ಭಯಕ್ಕಿಂತ ಮಗುವಿನ ಮೇಲಿನ ಮಮತೆಗಾಗಿ ಬಿಡಿ.

ಬೆಳಗಿನ ಗಡಿಬಿಡಿ, ಊರಿನ ರಜೆ

ಡ್ರಾಪ್ ಆಫ್ ಸಾಲಿನಲ್ಲಿ ಕಾರು ನಿಂತ ಕೂಡಲೇ ಮಗು ತಾನೇ ಬೆಲ್ಟು ಬಿಚ್ಚಿ, ಬ್ಯಾಗು ತೆಗೆದುಕೊಂಡು ಇಳಿಯಬೇಕು. ನೀವು ಇಳಿದು ಮುತ್ತು ಕೊಡುತ್ತಾ ನಿಂತರೆ ಹಿಂದೆ ಇಪ್ಪತ್ತು ಕಾರು ಕಾಯುತ್ತವೆ. ಮುದ್ದು ಮಾಡಬೇಕಾದರೆ ದೂರದಲ್ಲಿ ಪಾರ್ಕ್ ಮಾಡಿ ನಡೆದುಕೊಂಡು ಬನ್ನಿ. ವಾರದಲ್ಲಿ ಒಂದು ದಿನ ಬಹಳ ಶಾಲೆಗಳು ಬೇಗ ಬಿಡುತ್ತವೆ. ಅದು ಯಾವ ದಿನ ಅಂತ ಫ್ರಿಜ್ ಮೇಲೆ ಬರೆದು ಅಂಟಿಸಿ. ಕರೆದುಕೊಂಡು ಹೋಗಲು ಬರುವವರ ಹೆಸರೆಲ್ಲ ಎಮರ್ಜೆನ್ಸಿ ಕಾರ್ಡಿನಲ್ಲಿ ಇರಬೇಕು. ಇಲ್ಲದಿದ್ದರೆ ಊರಿಂದ ಬಂದ ಸ್ವಂತ ತಾತನ ಜೊತೆಗೂ ಮಗುವನ್ನು ಕಳಿಸುವುದಿಲ್ಲ. ಜ್ವರ ಬಂದರೆ, ಔಷಧಿ ಇಲ್ಲದೆ 24 ಗಂಟೆ ಜ್ವರ ಬಿಟ್ಟಿರುವ ತನಕ ಮನೆಯಲ್ಲೇ ಇರಿಸಿ.

ರಜೆಯ ಲೆಕ್ಕ ಇಲ್ಲಿ ಬಿಗಿ. ಶಾಲೆ ನಡೆಯುವುದು ವರ್ಷಕ್ಕೆ 180 ದಿನ. ಅದರಲ್ಲಿ 10 ಶೇಕಡಾ, ಅಂದರೆ 18 ದಿನ ತಪ್ಪಿದರೆ ಮಗುವಿನ ಹೆಸರು ದೀರ್ಘ ಗೈರುಹಾಜರಿಯ ಲೆಕ್ಕಕ್ಕೆ ಸೇರುತ್ತದೆ. ತಕ್ಕ ಕಾರಣ ಇಲ್ಲದೆ ಮೂರು ದಿನ ತಪ್ಪಿಸಿದರೂ, ಮೂರು ಸಲ ಅರ್ಧ ಗಂಟೆಗಿಂತ ತಡವಾದರೂ ನೋಟೀಸು ಬರುತ್ತದೆ. ತಂಗಿಯ ಮದುವೆಗೆ ನಾಲ್ಕು ವಾರ ಊರಿಗೆ ಹೋಗುವುದು ನಮಗೆ ಸಹಜ. ಅಷ್ಟು ದಿನದ ರಜೆಗೆ ಮದುವೆಯನ್ನು ತಕ್ಕ ಕಾರಣವೆಂದು ಶಾಲೆ ಒಪ್ಪುವುದು ಅನುಮಾನ. ಟಿಕೆಟ್ ಮಾಡಿಸುವ ಮೊದಲೇ ಆಫೀಸಿಗೆ ಹೋಗಿ ಇಂಡಿಪೆಂಡೆಂಟ್ ಸ್ಟಡಿ ಸಿಗುತ್ತದೆಯೇ ಕೇಳಿ. ಸಿಕ್ಕರೆ ಪಾಠ ಜೊತೆಗೆ ಕೊಟ್ಟು ಕಳಿಸುತ್ತಾರೆ.

ರ‍್ಯಾಂಕು, ಪರ್ಸೆಂಟು ಕೇಳಬೇಡಿ, ಈ ತರಗತಿಗಳಲ್ಲಿ ಅವು ಇಲ್ಲ. ಟೀಚರ ಜೊತೆ ಹದಿನೈದಿಪ್ಪತ್ತು ನಿಮಿಷದ ಕಾನ್ಫರೆನ್ಸ್ ಇರುತ್ತದೆ. ಅಪ್ಪ ಅಮ್ಮ ಇಬ್ಬರೂ ಹೋಗಿ. ಯಾರ ಜೊತೆ ಆಡುತ್ತಾನೆ, ಸಹಾಯ ಕೇಳುತ್ತಾಳಾ, ಅದನ್ನು ಕೇಳಿ. ದುಭಾಷಿ ಬೇಕಾದರೆ ಶಾಲೆಗೆ ಮೊದಲೇ ತಿಳಿಸಿ.

ಮನೆಯ ಮಾತು

ಸೇರಿಸುವಾಗ ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ ಅಂತ ಒಂದು ಫಾರ್ಮ್ ಕೊಡುತ್ತಾರೆ. ಕನ್ನಡ ಅಂತ ಬರೆದರೆ, ಟಿಕೆ ಬಿಟ್ಟು ಕಿಂಡರ್‌ಗಾರ್ಟನ್‌ನಿಂದ ಮೇಲಿನ ಮಗುವಿಗೆ 30 ದಿನದೊಳಗೆ ಎಲ್ಪ್ಯಾಕ್ ಎಂಬ ಇಂಗ್ಲಿಷ್ ಪರೀಕ್ಷೆ ಮಾಡುತ್ತಾರೆ. ಅದಕ್ಕೆ ಹೆದರಿ ಕೆಲವರು ಇಂಗ್ಲಿಷ್ ಅಂತ ಬರೆಯುತ್ತಾರೆ. ದಯವಿಟ್ಟು ನಿಜ ಬರೆಯಿರಿ. ಅದು ಕಪ್ಪುಚುಕ್ಕೆ ಅಲ್ಲ. ಇಂಗ್ಲಿಷ್ ಕಲಿಯಲು ಹೆಚ್ಚಿನ ನೆರವು ಸಿಗುವುದು ಆ ಫಾರ್ಮಿನಿಂದಲೇ. ಕೆಲವು ಮಕ್ಕಳು ತಿಂಗಳುಗಟ್ಟಲೆ ಬಾಯಿ ಬಿಡುವುದಿಲ್ಲ. ಒಳಗೆ ತುಂಬಿಕೊಳ್ಳುತ್ತಿರುತ್ತಾರೆ. ಅದಕ್ಕಾಗಿ ಮನೆಯಲ್ಲಿ ಕನ್ನಡ ನಿಲ್ಲಿಸಬೇಡಿ.

ನನ್ನ ಮಗಳೂ ಹಾಗೇ ಇದ್ದಳು. ಫೆಬ್ರವರಿ ಹೊತ್ತಿಗೆ ಶಾಲೆಯ ನೂರನೇ ದಿನ ಬರುತ್ತದೆ, ಯಾವುದಾದರೂ ನೂರು ವಸ್ತು ತನ್ನಿ ಅನ್ನುತ್ತಾರೆ. ಅಜ್ಜಿ ಊರಿಂದ ಕಳಿಸಿದ್ದ ಹುಣಸೆಹಣ್ಣಿನ ಬೀಜ ತೊಳೆದು ಒಣಗಿಸಿ, ಹತ್ತು ಹತ್ತರ ಗುಡ್ಡೆ ಮಾಡಿ ಅವಳೇ ಎಣಿಸಿದಳು. ಇದೇನು ಅಂತ ಟೀಚರು ಕೇಳಿದಾಗ, ಬೀಜವನ್ನು ಎರಡು ಹೋಳು ಮಾಡಿ, ನೆಲಕ್ಕೆ ಉಜ್ಜಿ ಬೆಳ್ಳಗೆ ಮಾಡಿ, ಅಜ್ಜಿ ಚೌಕಾಬಾರ ಆಡುತ್ತಾರೆ ಅಂತ ಹೇಳಿದಳಂತೆ. ಅರ್ಧ ಕನ್ನಡ, ಅರ್ಧ ಇಂಗ್ಲಿಷ್. ಕಾರ್ಪೆಟ್ ಮೇಲೆ ಕೂತ ಅಷ್ಟೂ ಮಕ್ಕಳು ಬೀಜ ಮುಟ್ಟಿ ನೋಡಲು ಕೈ ಎತ್ತಿದ್ದರು. ಯಾರಿಗೆ ಮೊದಲು ಅಂತ ಅವಳೇ ಹೆಸರು ಕರೆದಳು.