ವಕೀಲರ ಕಚೇರಿಯ ಲೆಕ್ಕ ಮತ್ತು ದಿನಚರಿಯನ್ನು ತಂತ್ರಾಂಶಕ್ಕೆ ತರುವ ಕ್ರಮ

ಜಿಲ್ಲಾ ಕೇಂದ್ರದಲ್ಲಿ ವಕಾಲತ್ತು ನಡೆಸುವ ಸಣ್ಣ ಕಚೇರಿಯಲ್ಲಿ ಸಾಮಾನ್ಯವಾಗಿ ಹಿರಿಯ ವಕೀಲರ ಮೇಜಿನ ಮೇಲೆ ಕೋರ್ಟ್ ಡೈರಿ, ಗುಮಾಸ್ತರ ಜೇಬಿನಲ್ಲಿ ಖರ್ಚಿನ ಪುಸ್ತಕ, ಕಪಾಟಿನಲ್ಲಿ ರಸೀದಿಗಳು, ಲೆಕ್ಕಪರಿಶೋಧಕರ ಬಳಿ ಟ್ಯಾಲಿ ತಂತ್ರಾಂಶದ ಲೆಕ್ಕ, ಹೀಗೆ ಒಂದೇ ಪ್ರಕರಣದ ಸಂಗತಿಗಳು ನಾಲ್ಕು ಕಡೆ ಹಂಚಿಹೋಗಿರುತ್ತವೆ. ತಂತ್ರಾಂಶ ಕೊಳ್ಳಲು ಹೊರಟವರು ಮೊದಲು ವಿಚಾರಿಸುವುದು ಮುಂದಿನ ತಾರೀಖನ್ನು ಅದು ನೆನಪಿಸುತ್ತದೆಯೇ ಎಂದು. ಕಕ್ಷಿದಾರರ ಹಣದ ಲೆಕ್ಕವನ್ನು ಅದು ಹೇಗೆ ಇಡುತ್ತದೆ ಎಂಬುದನ್ನು ಅದಕ್ಕೂ ಮೊದಲು ನೋಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ತಾರೀಖಿಗೆ ಡೈರಿಯೂ ಇದೆ, ಇ-ಕೋರ್ಟ್ಸ್ ಆ್ಯಪ್ ಕೂಡ ಇದೆ. ಎರಡು ವರ್ಷದ ಹಿಂದೆ ಕಕ್ಷಿದಾರರು ಕೊಟ್ಟ ಐದು ಸಾವಿರ ರೂಪಾಯಿ ಯಾವುದಕ್ಕೆ ಖರ್ಚಾಯಿತು ಎಂದು ಹೇಳಲು ಮಾತ್ರ ಅನೇಕ ಕಚೇರಿಗಳಲ್ಲಿ ಗುಮಾಸ್ತರ ನೆನಪೊಂದೇ ಆಧಾರ.

ಆರಂಭದಲ್ಲಿ ಪ್ರತಿಯೊಂದು ಪ್ರಕರಣಕ್ಕೂ ಕಚೇರಿಯದೇ ಆದ ಸಂಖ್ಯೆಯೊಂದನ್ನು ಕೊಡಿ. ನ್ಯಾಯಾಲಯದ ಸಂಖ್ಯೆಯನ್ನೇ ಆಧಾರವಾಗಿಟ್ಟುಕೊಂಡರೆ, ಓ.ಎಸ್. (ಮೂಲ ದಾವೆ) ಆಗಿ ಶುರುವಾದ ಪಾಲು ವಿಭಾಗದ ದಾವೆ ಮೇಲ್ಮನವಿಯಲ್ಲಿ ಆರ್.ಎ. ಆಗಿ, ಹೈಕೋರ್ಟಿನ ಧಾರವಾಡ ಅಥವಾ ಕಲಬುರಗಿ ಪೀಠದಲ್ಲಿ ಆರ್.ಎಸ್.ಎ. (ಎರಡನೆಯ ಮೇಲ್ಮನವಿ) ಆಗಿ ಹೆಸರು ಬದಲಿಸಿದಾಗಲೆಲ್ಲ ಲೆಕ್ಕವೂ ತುಂಡಾಗುತ್ತದೆ. ಇ-ಕೋರ್ಟ್ಸ್ ವ್ಯವಸ್ಥೆ ಪ್ರಕರಣವನ್ನು ಗುರುತಿಸಲು ಕೊಡುವ 16 ಅಕ್ಷರಾಂಕಿಗಳ ಸಿಎನ್‌ಆರ್ ಸಂಖ್ಯೆಯೂ ಹಂತ ಬದಲಾದಂತೆ ಬೇರೆಯಾಗುವುದರಿಂದ, ಅವೆಲ್ಲವನ್ನೂ ಒಂದೇ ಕಚೇರಿ ಸಂಖ್ಯೆಯ ಅಡಿಯಲ್ಲಿ ಸೇರಿಸಲು ತಂತ್ರಾಂಶದಲ್ಲಿ ಅವಕಾಶವಿರಬೇಕು.

ಇನ್ನು ಹಣದ ವಿಚಾರ. ಭಾರತೀಯ ವಕೀಲರ ಪರಿಷತ್ತಿನ ನಿಯಮಗಳ 6ನೇ ಭಾಗದಲ್ಲಿ, ಕಕ್ಷಿದಾರರ ಬಗೆಗಿನ ಕರ್ತವ್ಯಗಳನ್ನು ಹೇಳುವಲ್ಲಿ, 25ನೇ ನಿಯಮವು ಕಕ್ಷಿದಾರರಿಂದ ಬಂದ ಹಣ, ಅವರಿಗಾಗಿ ಮಾಡಿದ ಖರ್ಚು ಮತ್ತು ಫೀಸಿಗಾಗಿ ಕಳೆದುಕೊಂಡ ಮೊತ್ತ ಇವುಗಳನ್ನು ತಾರೀಖು ಸಮೇತ ಬರೆದಿಡಬೇಕೆಂದು ವಿಧಿಸುತ್ತದೆ. ಬಂದ ಹಣ ಫೀಸಿನದೋ ಖರ್ಚಿನದೋ ಎಂಬುದನ್ನು ಲೆಕ್ಕದಲ್ಲಿ ಕಾಣಿಸಬೇಕೆಂದೂ, ಪ್ರಕರಣ ನಡೆಯುತ್ತಿರುವಾಗ ಖರ್ಚಿನ ಹಣವನ್ನು ಕಕ್ಷಿದಾರರ ಲಿಖಿತ ಒಪ್ಪಿಗೆಯಿಲ್ಲದೆ ಫೀಸಿಗೆ ತಿರುಗಿಸಿಕೊಳ್ಳಬಾರದೆಂದೂ 26ನೇ ನಿಯಮ ಹೇಳುತ್ತದೆ. ಪ್ರಕರಣ ಮುಗಿದ ಮೇಲೆ ಉಳಿದ ಮೊತ್ತವನ್ನು ಬಾಕಿಯಿರುವ ಒಪ್ಪಿತ ಫೀಸಿಗೆ ಹೊಂದಿಸಿಕೊಳ್ಳಲು 28ನೇ ನಿಯಮ ಅವಕಾಶ ಕೊಡುತ್ತದೆ. ಯಾವ ತಂತ್ರಾಂಶವನ್ನೇ ಆರಿಸಿದರೂ ಈ ಮೂರು ನಿಯಮಗಳಿಗೆ ಅದು ಹೊಂದಬೇಕು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ದಾವೆಯೊಂದಕ್ಕೆ 60,000 ರೂಪಾಯಿ ಫೀಸು ಗೊತ್ತಾಗಿದೆ. ದಾವೆ ಹೂಡುವಾಗ, ಸಾಕ್ಷ್ಯ ಆರಂಭವಾಗುವಾಗ ಮತ್ತು ವಾದದ ಹಂತದಲ್ಲಿ ತಲಾ 20,000 ಕೊಡಬೇಕು. ಕಕ್ಷಿದಾರರು ಮೊದಲ ದಿನ 30,000 ಕೊಟ್ಟಿದ್ದಾರೆ. ಇದರಲ್ಲಿ 20,000 ಫೀಸಿನ ಖಾತೆಗೂ 10,000 ಖರ್ಚಿನ ಖಾತೆಗೂ ಹೋಗಬೇಕು, ರಸೀದಿಯಲ್ಲಿಯೂ ಎರಡು ಸಾಲುಗಳಾಗಿ ಕಾಣಬೇಕು. ಕೋರ್ಟ್ ಫೀ, ಸಮನ್ಸ್ ಕಳಿಸಲು ಕಟ್ಟುವ ಪ್ರೊಸೆಸ್ ಫೀ, ವಕಾಲತ್ತು ಪತ್ರಕ್ಕೆ ಹಚ್ಚುವ ವಕೀಲರ ಕಲ್ಯಾಣ ನಿಧಿ ಸ್ಟ್ಯಾಂಪು, ದೃಢೀಕೃತ ನಕಲು, ಟೈಪಿಂಗ್ ಎಂದು 7,400 ಖರ್ಚಾದರೆ ಖರ್ಚಿನ ಖಾತೆಯಲ್ಲಿ 2,600 ಉಳಿಯುತ್ತದೆ. ಸಾಕ್ಷ್ಯ ಶುರುವಾಗಿ ಎರಡನೆಯ ಕಂತು ತಡವಾದಾಗ ಆ 2,600ರ ಕಡೆ ಕೈ ಹೋಗುವುದು ಸಹಜ. ಒಪ್ಪಿಗೆ ಪತ್ರವನ್ನು ಸ್ಕ್ಯಾನ್ ಮಾಡಿ ಲಗತ್ತಿಸದ ಹೊರತು ಆ ವರ್ಗಾವಣೆಯನ್ನು ತಂತ್ರಾಂಶ ತಡೆಹಿಡಿಯಬೇಕು, ಕನಿಷ್ಠಪಕ್ಷ ಎಚ್ಚರಿಸಿ ಕಾರಣ ಬರೆಸಿಕೊಳ್ಳಬೇಕು. ಮಾರಲು ಬಂದವರಿಗೆ ಈ ಲೆಕ್ಕವನ್ನೇ ಕೊಟ್ಟು ನಿಮ್ಮೆದುರಿಗೇ ನಮೂದಿಸಿ ತೋರಿಸಲು ಹೇಳಿ. ಹೊರದೇಶಗಳಲ್ಲಿ ರೂಪುಗೊಂಡ ಅನೇಕ ತಂತ್ರಾಂಶಗಳು ಗಂಟೆಯನ್ನು ಆರಾರು ನಿಮಿಷಗಳಾಗಿ ಒಡೆದು ಬಿಲ್ ಮಾಡುವ ಪದ್ಧತಿಯ ಮೇಲೆ ನಿಂತಿವೆ. ಬೆಂಗಳೂರಿನ ದೊಡ್ಡ ಫರ್ಮುಗಳಿಗೆ ಅದು ಒಪ್ಪಬಹುದು. ಪ್ರಕರಣಕ್ಕಿಷ್ಟು ಎಂದು ಫೀಸು ಗೊತ್ತುಮಾಡಿ ಕಂತಿನಲ್ಲಿ ಪಡೆಯುವ ಕಚೇರಿಗೆ ಹಂತವಾರು ಬಿಲ್ಲು ಬರುವ ತಂತ್ರಾಂಶವೇ ಬೇಕು.

ಬಿಲ್ಲಿನಲ್ಲಿ ತೆರಿಗೆಯ ಎರಡು ಸಂಗತಿಗಳು ಮೇಲಿಂದ ಮೇಲೆ ತೊಡಕು ತರುತ್ತವೆ. ವಕೀಲರು ಅಥವಾ ವಕೀಲರ ಫರ್ಮು ವ್ಯಾಪಾರ ಸಂಸ್ಥೆಗೆ ಕೊಡುವ ಕಾನೂನು ಸೇವೆಯ ಜಿಎಸ್‌ಟಿಯನ್ನು ರಿವರ್ಸ್ ಚಾರ್ಜ್ ಪದ್ಧತಿಯಲ್ಲಿ ಆ ಸಂಸ್ಥೆಯೇ ಕಟ್ಟಬೇಕು; ವ್ಯಾಪಾರಿಗಳಲ್ಲದ ಸಾಮಾನ್ಯ ಕಕ್ಷಿದಾರರಿಗೆ ಕೊಡುವ ಸೇವೆಗೆ ವಿನಾಯಿತಿ ಇದೆ. ಆದ್ದರಿಂದ ಪ್ರತಿ ಬಿಲ್ಲಿಗೂ ಶೇ. 18 ತಾನಾಗಿಯೇ ಸೇರುವಂತಿದ್ದರೆ ಆ ಸೆಟ್ಟಿಂಗನ್ನು ಮೊದಲ ದಿನವೇ ತೆಗೆಸಿ, ಕಂಪನಿಗಳ ಬಿಲ್ಲಿನಲ್ಲಿ ತೆರಿಗೆ ಸೇವೆ ಪಡೆದವರ ಹೊಣೆ ಎಂಬ ಸಾಲು ಬರುವಂತೆ ಮಾಡಿಸಿ. ಇನ್ನೊಂದು ಟಿಡಿಎಸ್, ಅಂದರೆ ಹಣ ಕೊಡುವವರೇ ಮುರಿದುಕೊಂಡು ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ. ಕಂಪನಿಯು 60,000ದ ಬಿಲ್ಲಿಗೆ ಶೇ. 10ರಂತೆ 6,000 ಮುರಿದುಕೊಂಡು ಬ್ಯಾಂಕಿಗೆ 54,000 ಹಾಕುತ್ತದೆ. ಗುಮಾಸ್ತರು ಬಂದಷ್ಟನ್ನೇ ಬರೆದರೆ ಕಂಪನಿಯ ಹೆಸರಿನಲ್ಲಿ 6,000 ಬಾಕಿ ವರ್ಷಗಟ್ಟಲೆ ನಿಲ್ಲುತ್ತದೆ. ನಮೂದಿನಲ್ಲಿ ಟಿಡಿಎಸ್‌ಗೆ ಪ್ರತ್ಯೇಕ ಕಾಲಂ ಇರಲಿ. ಮೂರು ತಿಂಗಳಿಗೊಮ್ಮೆ ಅದನ್ನು ಆದಾಯ ತೆರಿಗೆ ಪೋರ್ಟಲಿನ ವಿವರದೊಂದಿಗೆ ತಾಳೆ ನೋಡಿ.

ತಾರೀಖುಗಳನ್ನು ಸಿಎನ್‌ಆರ್ ಮೂಲಕ ತಾನಾಗಿ ಎಳೆದುಕೊಳ್ಳುವ ಸೌಲಭ್ಯ ತುಂಬ ಉಪಯುಕ್ತ, ಆದರೆ ಅದರ ಮೇಲೆಯೇ ಭಾರ ಹಾಕಬಾರದು. ನಮ್ಮ ಕಚೇರಿಯಲ್ಲಿ ಒಮ್ಮೆ ಪರದೆಯ ಮೇಲೆ ಹಳೆಯ ತಾರೀಖೇ ಉಳಿದಿತ್ತು. ಪ್ರಕರಣ ಮುಂಚಿತವಾಗಿ ಕರೆಸಲ್ಪಟ್ಟು, ನಾವು ಗೈರುಹಾಜರಾದೆವು. ಅಂದಿನಿಂದ ಕೋರ್ಟ್ ಹಾಲಿನಲ್ಲಿ ಕೇಳಿಸಿಕೊಂಡ ತಾರೀಖನ್ನು ಕಿರಿಯ ವಕೀಲರು ಅದೇ ಸಂಜೆ ಸ್ವತಃ ನಮೂದಿಸುತ್ತಾರೆ, ಕಾಗದದ ಡೈರಿಯನ್ನೂ ನಾವು ಬಿಟ್ಟಿಲ್ಲ. ಕಾಲಮಿತಿಯ ದಿನಗಳನ್ನಂತೂ ವಕೀಲರೇ ಎಣಿಸಿ ಹಾಕಬೇಕು. ಚೆಕ್ ಅಮಾನ್ಯದ ಪ್ರಕರಣದಲ್ಲಿ ಬ್ಯಾಂಕಿನ ಮಾಹಿತಿ ಬಂದ 30 ದಿನಗಳೊಳಗೆ ನೋಟಿಸು, ಅದು ತಲುಪಿದ ಮೇಲೆ ಹಣ ಕೊಡಲು 15 ದಿನ, ನಂತರ ದೂರು ಸಲ್ಲಿಸಲು ಒಂದು ತಿಂಗಳು ಎಂಬ ಸರಪಳಿಯಲ್ಲಿ, ಒಂದು ಕೊಂಡಿಯ ತಾರೀಖು ತಪ್ಪಾದರೂ ಮುಂದಿನದೆಲ್ಲ ತಪ್ಪುತ್ತದೆ. ಪ್ರತಿವಾದಿಯ ಲಿಖಿತ ಹೇಳಿಕೆಗೂ 30 ದಿನದ ಒಂದು, 90 ದಿನದ ಒಂದು ಎಂದು ಎರಡು ಎಚ್ಚರಿಕೆಗಳನ್ನು ಇಡಿ.

ಕನ್ನಡದ ಕಡತಗಳಿಗೆ ಬೇರೆಯೇ ತಯಾರಿ ಬೇಕು. ಹಳೆಯ ನುಡಿ ಅಥವಾ ಬರಹ ಫಾಂಟುಗಳಲ್ಲಿ ಟೈಪಾದ ವಾದಪತ್ರಗಳು ಯೂನಿಕೋಡ್ ಆಗಿರದಿದ್ದರೆ ಹುಡುಕಾಟದಲ್ಲಿ ಸಿಗುವುದೇ ಇಲ್ಲ. ಚಾಲ್ತಿ ಪ್ರಕರಣಗಳದ್ದನ್ನಾದರೂ ಮೊದಲು ಪರಿವರ್ತಿಸಿ. ಬಸವರಾಜ, ಬಸವರಾಜು, ಬಸವರಾಜಪ್ಪ ಎಂದು ಒಬ್ಬರೇ ಮೂರು ಖಾತೆಗಳಾಗದಂತೆ, ಆಧಾರ್ ಅಥವಾ ಪಹಣಿಯಲ್ಲಿರುವ ಹೆಸರನ್ನು ಪ್ರಮಾಣವೆಂದು ಗೊತ್ತುಮಾಡಿ ಮೊಬೈಲ್ ಸಂಖ್ಯೆಯೊಂದಿಗೆ ಜೋಡಿಸಿ.

ಗೋಪ್ಯತೆಯ ಹೊಣೆ ವಕೀಲರ ಜೊತೆಗೆ ಅವರ ಗುಮಾಸ್ತರ ಮೇಲೂ ಇದೆ ಎಂದು ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 132ನೇ ಕಲಂ ಹೇಳುತ್ತದೆ. ಒಂದೇ ಪಾಸ್‌ವರ್ಡನ್ನು ಎಲ್ಲರೂ ಬಳಸಬಾರದು. ಗುಮಾಸ್ತರಿಗೆ ತಾರೀಖು ಮತ್ತು ಖರ್ಚು, ಕಿರಿಯರಿಗೆ ಅವರು ನೋಡಿಕೊಳ್ಳುವ ಕಡತಗಳು ಮಾತ್ರ ತೆರೆಯಲಿ, ಕಚೇರಿ ಬಿಟ್ಟವರ ಲಾಗಿನ್ ಅಂದೇ ಮುಚ್ಚಲಿ. ಚಂದಾ ನಿಲ್ಲಿಸಿದರೆ ಎಲ್ಲ ಮಾಹಿತಿಯನ್ನು ಎಕ್ಸೆಲ್ ಮತ್ತು ಪಿಡಿಎಫ್ ರೂಪದಲ್ಲಿ ಹಿಂದಕ್ಕೆ ಕೊಡುತ್ತಾರೆಯೇ ಎಂಬುದನ್ನು ಹಣ ಕಟ್ಟುವ ಮೊದಲೇ ಬರಹದಲ್ಲಿ ಪಡೆದುಕೊಳ್ಳಿ.

ಬದಲಾವಣೆಗೆ ಏಪ್ರಿಲ್ 1 ಅನುಕೂಲದ ದಿನ. ಅಂದಿಗೆ ಪ್ರತಿ ಕಕ್ಷಿದಾರರ ಫೀಸಿನ ಬಾಕಿಯನ್ನೂ ಖರ್ಚಿನ ಉಳಿಕೆಯನ್ನೂ ಆರಂಭಿಕ ಶಿಲ್ಕಾಗಿ ಹಾಕಿ, ಖರ್ಚಿನ ಹಣಕ್ಕೆಂದೇ ಬೇರೆ ಬ್ಯಾಂಕ್ ಖಾತೆಯೊಂದನ್ನು ತೆರೆಯಿರಿ. ಗುಮಾಸ್ತರು ನ್ಯಾಯಾಲಯದಲ್ಲಿ ಕಟ್ಟಿದ ಹಣವನ್ನು ಚಲನ್ನಿನ ಫೋಟೋ ಸಮೇತ ಅಲ್ಲಿಂದಲೇ ಮೊಬೈಲಿನಲ್ಲಿ ನಮೂದಿಸಲಿ. ತಿಂಗಳ ಕೊನೆಯ ದಿನ ಎಲ್ಲ ಕಕ್ಷಿದಾರರ ಖರ್ಚಿನ ಉಳಿಕೆಯನ್ನು ಕೂಡಿಸಿ, ಆ ಮೊತ್ತವು ಬ್ಯಾಂಕ್ ಖಾತೆಯಲ್ಲಿರುವ ಹಣ ಮತ್ತು ಗುಮಾಸ್ತರ ಕೈಯಲ್ಲಿರುವ ನಗದು ಇವೆರಡರ ಮೊತ್ತಕ್ಕೆ ಸರಿಹೊಂದುತ್ತದೆಯೇ ನೋಡಿ. ಹೊಂದದಿದ್ದರೆ ವ್ಯತ್ಯಾಸ ಸಿಗುವವರೆಗೆ ಆ ತಿಂಗಳ ಲೆಕ್ಕವನ್ನು ಮುಚ್ಚಬೇಡಿ.