ಪೋಲರೈಸರ್ ಬಿಚ್ಚಿಟ್ಟ ದಿನ ಯಾಣ ಸಿಕ್ಕಿತು

ಉತ್ತರ ಕನ್ನಡದ ಯಾಣದಲ್ಲಿರುವ ಭೈರವೇಶ್ವರ ಶಿಖರದ ಚಿತ್ರವನ್ನು ನೀವೆಲ್ಲ ತೆಗೆದೇ ಇರುತ್ತೀರಿ. ನಾನೂ ಆರು ವರ್ಷ ತೆಗೆದೆ. ಪ್ರತಿ ಸಲವೂ ಸಿಕ್ಕಿದ್ದು ಬಿಳಿ ಆಕಾಶಕ್ಕೆ ಹಚ್ಚಿದ ಕಪ್ಪು ತೇಪೆ. 120 ಮೀಟರ್ ಎತ್ತರದ ಸುಣ್ಣಕಲ್ಲು, ಮಳೆನೀರು ಕೊರೆದು ಕೊರೆದು ಕತ್ತಿಯಾಗಿಸಿದ ಅಂಚುಗಳು, ಮೇಲೆ ಜೋತುಬಿದ್ದ ಜೇನುಹುಟ್ಟುಗಳು. ಕಣ್ಣಿಗೆ ಕಂಡದ್ದು ಯಾವುದೂ ಚಿತ್ರಕ್ಕೆ ಬರುತ್ತಿರಲಿಲ್ಲ. ಕಳೆದ ಸೆಪ್ಟೆಂಬರ್ ಕೊನೆಯಲ್ಲಿ ಬಂತು. 'ಮಳೆಯಲ್ಲಿ ಹೋದರೆ ಉಂಬಳಗಳಿಗೆ (ಜಿಗಣೆಗಳಿಗೆ) ರಕ್ತ ಕೊಟ್ಟು ಬರುತ್ತೀಯ, ಅಷ್ಟೇ' ಎಂದಿದ್ದ ನಮ್ಮ ಛಾಯಾಗ್ರಾಹಕರ ಬಳಗದ ಹಿರಿಯರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಸೋಲುಗಳು. ಡಿಸೆಂಬರ್ ಬಿಸಿಲಲ್ಲಿ ಒಳಬರುವ ಬೆಳಕನ್ನು ಹೆಚ್ಚು ಕಡಿಮೆ ಮಾಡುತ್ತಾ ಐದೈದು ಎಕ್ಸ್‌ಪೋಶರ್ ತೆಗೆದು ಒಂದೇ ಚಿತ್ರವಾಗಿ ಬೆರೆಸಿದೆ. ಆಕಾಶ ಬಂತು, ಆದರೆ ಬಂಡೆ ಬೂದಿ ಬಳಿದ ಗೋಡೆಯಂತೆ ಚಪ್ಪಟೆಯಾಯಿತು. ಮರುವರ್ಷ ಬೆಂಗಳೂರಿನಿಂದ, ಎತ್ತರದ ವಸ್ತುಗಳ ವಾಲುವಿಕೆಯನ್ನು ಸರಿಪಡಿಸುವ ಟಿಲ್ಟ್-ಶಿಫ್ಟ್ ಲೆನ್ಸನ್ನು ಮೂರು ದಿನಕ್ಕೆ ಬಾಡಿಗೆಗೆ ತಂದೆ, ಸುಮಾರು ಆರು ಸಾವಿರ ರೂಪಾಯಿ. ಹಿಂದಕ್ಕೆ ವಾಲುತ್ತಿದ್ದ ಶಿಖರ ನೆಟ್ಟಗಾಯಿತು, ಕಪ್ಪು ಮಾತ್ರ ಹಾಗೆಯೇ ಉಳಿಯಿತು. ಆಮೇಲೆ ಒಂದು ಜುಲೈನಲ್ಲಿ, ಎ.ಸಿ. ಹಾಕಿದ ಕಾರಿನಿಂದ ಇಳಿದವನೇ ಕ್ಯಾಮೆರಾ ತೆರೆದೆ. ಗಾಜಿನ ಮೇಲೆಲ್ಲ ಆವಿ. ಒರೆಸಿ ಒರೆಸಿ ದಿನ ಮುಗಿಯಿತು, ಎರಡು ತಿಂಗಳಿಗೆ ಲೆನ್ಸಿನೊಳಗೆ ಬೂಷ್ಟು ಹಿಡಿಯಿತು. ಅದನ್ನು ಬಿಚ್ಚಿ ತೊಳೆಸಲು ನಾಲ್ಕೂವರೆ ಸಾವಿರ. ಶಿರಸಿಯಿಂದ ಸುಮಾರು 40 ಕಿ.ಮೀ. ಬಾಡಿಗೆ ಕಾರು, ವಸತಿ, ಊಟ ಎಲ್ಲ ಸೇರಿ ಆರು ವರ್ಷಕ್ಕೆ ನಲವತ್ತು ಸಾವಿರ ದಾಟಿರಬೇಕು. 'ಸೊಕ್ಕಿದ್ದವನು ಯಾಣಕ್ಕೆ, ರೊಕ್ಕಿದ್ದವನು ಗೋಕರ್ಣಕ್ಕೆ' ಎಂದು ನಮ್ಮ ಕಡೆಯ ಗಾದೆ. ಈ ಚಿತ್ರಕ್ಕೆ ಎರಡೂ ಬೇಕಾದವು.

ಗುಟ್ಟು ತಿಳಿದದ್ದು ಕಳೆದ ಸೆಪ್ಟೆಂಬರಿನಲ್ಲಿ, ಮೆಟ್ಟಿಲ ಮೇಲೆ ಕೊಡೆ ಹಿಡಿದು ಕುಳಿತಾಗ. ಪೋಲರೈಸರ್ ಎಂದರೆ ಲೆನ್ಸಿನ ಮುಂದೆ ಹಾಕುವ, ಪ್ರತಿಫಲಿತ ಹೊಳಪನ್ನು ತಗ್ಗಿಸುವ ಫಿಲ್ಟರ್. ಹನಿ ಕೂತ ಅದನ್ನು ಒರೆಸಲೆಂದು ಬಿಚ್ಚಿದ್ದೆ. ಹಾಗೆಯೇ ಕ್ಯಾಮೆರಾದ ಪರದೆಯತ್ತ ನೋಡಿದರೆ ಬಂಡೆಯ ಒಂದೊಂದು ಅಂಚೂ ಬೆಳ್ಳಿಗೆರೆಯಾಗಿ ಎದ್ದು ನಿಂತಿತ್ತು. ಒದ್ದೆಯಾದಷ್ಟೂ ಕಲ್ಲು ಕಪ್ಪಾಗುತ್ತದೆ, ನಿಜ. ಆದರೆ ಮೇಲಿನ ತೆಳು ನೀರಿನ ಪೊರೆ ಮೋಡದ ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ. ಕಲ್ಲಿನ ಆಕಾರವನ್ನು ಬರೆಯುವುದು ಆ ಹೊಳಪೇ. ಮಳೆಗಾಡಿನಲ್ಲಿ ಪೋಲರೈಸರ್ ಕಡ್ಡಾಯವೆಂದು ನಂಬಿ, ಆ ಹೊಳಪನ್ನೇ ಆರು ವರ್ಷ ಅಳಿಸುತ್ತಾ ಬಂದಿದ್ದೆ.

ಎಲೆಗಳ ವಿಷಯದಲ್ಲಿ ಇದು ತಿರುಗುಮುರುಗು. ಪೋಲರೈಸರ್ ಇಲ್ಲದಿದ್ದರೆ ಹಸಿರು ಬಿಳಿಚಿಕೊಳ್ಳುತ್ತದೆ. ಹಾಗಾಗಿ ಟ್ರೈಪಾಡ್ ಕದಲಿಸದೆ ಎರಡು ಸಲ ತೆಗೆದೆ: ಕಲ್ಲಿಗೆ ಬರಿಗಾಜು, ಕಾಡಿಗೆ ಪೋಲರೈಸರ್. 35 ಎಂ.ಎಂ. ಲೆನ್ಸ್, ಅದರ ಕಿಂಡಿ (ಅಪರ್ಚರ್) ಎಫ್ 8, ಬೆಳಕಿನ ಸಂವೇದನೆ ಐಎಸ್‌ಒ 200. ಷಟರ್ ತೆರೆದಿದ್ದದ್ದು ಅರ್ಧ ಸೆಕೆಂಡಿನ ಆಸುಪಾಸು, ಫಿಲ್ಟರ್ ಹಾಕಿದಾಗ ಎರಡು ಸೆಕೆಂಡಿನ ಹತ್ತಿರ. ಕೆಳಗಿನಿಂದ ಮೇಲಕ್ಕೆ ಐದು ಚೌಕಟ್ಟು ತೆಗೆದು ಜೋಡಿಸಿದೆ. ಮಳೆ ನಿಂತ ಹತ್ತು ನಿಮಿಷದಿಂದ ಅರ್ಧ ಗಂಟೆಯವರೆಗೆ ಹೊಳಪು ಚೆನ್ನಾಗಿತ್ತು. ಅದೇ ಹೊತ್ತಿಗೆ ಮಂಜು ಇಳಿದು ಆಕಾಶವನ್ನು ಮುಚ್ಚಬೇಕು, ಗಾಳಿಯೂ ನಿಂತಿರಬೇಕು. ಮೂರೂ ಕೂಡಿಬರಲು ನಾಲ್ಕು ದಿನ ಕಾದೆ. ಗಾತ್ರ ತಿಳಿಯಲೆಂದು ನಮ್ಮ ಭಾವನಿಗೆ ಕಂಬಳಿಕೊಪ್ಪೆ ಹಾಕಿಸಿ ಬುಡದಲ್ಲಿ ನಿಲ್ಲಿಸಿದ್ದೆ. 'ಭಾವ, ಇನ್ನೆರಡೇ ನಿಮಿಷ' ಎಂದು ಎಷ್ಟು ಸಲ ಕೂಗಿದೆನೋ! ಕಾಲಿಗೆ ಉಂಬಳ ಹತ್ತಿದರೂ ಅವನು ಅಲುಗಲಿಲ್ಲ.

ಎಲೆ ಮತ್ತು ಕಲ್ಲು ಕೂಡುವ ಗೆರೆಯಲ್ಲಿ ಎರಡು ಚಿತ್ರಗಳನ್ನು ಹೇಗೆ ಬೆಸೆದೆ ಎನ್ನುವುದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಟ್ರೈಪಾಡ್ ಊರಿದ ಜಾಗವನ್ನೂ ಹೇಳುವುದಿಲ್ಲ. ಹುಡುಕಿದರೆ ಸಿಗುತ್ತದೆ.

ನಡುವೆ ಇನ್ನೊಂದು ಪ್ರಯೋಗ. ಹಳೆಯ ಕ್ಯಾಮೆರಾವೊಂದನ್ನು ಸುಮಾರು ಹದಿನೆಂಟು ಸಾವಿರ ಕೊಟ್ಟು ಕಣ್ಣಿಗೆ ಕಾಣದ ಅವಗೆಂಪು (ಇನ್‌ಫ್ರಾರೆಡ್) ಬೆಳಕಿಗೆ ಮಾರ್ಪಡಿಸಿಕೊಂಡಿದ್ದೆ. ಅದರಲ್ಲಿ ಎಲೆಗಳೆಲ್ಲ ಹಾಲಿನಂತೆ ಬೆಳ್ಳಗೆ, ನಡುವೆ ಇದ್ದಿಲಿನಂಥ ಶಿಖರ. ಸಹ್ಯಾದ್ರಿಗೆ ಹಿಮ ಸುರಿದಂತೆ. ಕೊಳ್ಳುವವರು ಯಾರೂ ಬರಲಿಲ್ಲ. ಆದರೂ ಆ ನಾಲ್ಕು ಚಿತ್ರಗಳು ನನಗೆ ತುಂಬಾ ಇಷ್ಟ. ಶಿಖರದ ಒಡಲಿನ ಗುಹೆಯಲ್ಲಿ, ಲಿಂಗದ ಮೇಲೆ ನೀರು ತೊಟ್ಟಿಕ್ಕುವಲ್ಲಿ, ಟ್ರೈಪಾಡ್ ಹೂಡಲು ಮನಸ್ಸು ಬರಲಿಲ್ಲ. ಅದು ಪೂಜೆಯ ಸ್ಥಳ. ಪ್ರದಕ್ಷಿಣೆ ಬರುವಾಗ ಮೇಲಿನ ಸೀಳಿನಿಂದ ಇಳಿಯುವ ಬೆಳಕನ್ನು ಕೈಯಲ್ಲೇ ಹಿಡಿದು ಒಂದೇ ಒಂದು ಸಲ ತೆಗೆದೆ. ಕೊಂಚ ಅಲುಗಿದೆ, ಇರಲಿ. ಡ್ರೋನ್ ಯೋಚನೆಯನ್ನಂತೂ ಜೇನುಹುಟ್ಟುಗಳನ್ನು ನೋಡಿಯೇ ಬಿಟ್ಟೆ. ಆ ಹುಳುಗಳು ಕೆರಳಿದರೆ ಕೆಳಗಿರುವ ಭಕ್ತರ ಗತಿಯೇನು?

ಮುಖ್ಯ ಚಿತ್ರವನ್ನು ಹತ್ತಿಯ ಕಾಗದದ ಮೇಲೆ 24 ಇಂಚು ಅಗಲ, 36 ಇಂಚು ಎತ್ತರಕ್ಕೆ ಮುದ್ರಿಸಿದೆ. ಐದು ಸಾವಿರದಷ್ಟು ಖರ್ಚಾಯಿತು. ಇದುವರೆಗೆ ಮೂರು ಪ್ರತಿ ಮಾರಾಟವಾಗಿವೆ, ಹಾಕಿದ ಹಣದ ಅರ್ಧ ವಾಪಸಾಗಿದೆ. ಉಂಬಳದ ಮಾತಾಡಿದ್ದ ಹಿರಿಯರು ಅದರ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ 'ಜೇನುಹುಟ್ಟು ಎಣಿಸಬಹುದಲ್ಲೋ' ಎಂದರು.

ಯಾಣದ್ದೇ ಇನ್ನೊಂದು ಬಂಡೆ, 90 ಮೀಟರಿನ ಮೋಹಿನಿ ಶಿಖರ ಇನ್ನೂ ಬಾಕಿ ಇದೆ. ಅದರೆದುರು ಮರಗಳು ಒತ್ತೊತ್ತಾಗಿವೆ, ನಿಲ್ಲಲು ಸರಿಯಾದ ಜಾಗ ಸಿಕ್ಕಿಲ್ಲ. ಬರುವ ಸೆಪ್ಟೆಂಬರಿಗೆ ಭಾವನನ್ನು ಈಗಲೇ ಒಪ್ಪಿಸಿದ್ದೇನೆ.