ಹಳೆಯ ಇಗರ್ಜಿ ದಾಖಲೆಯಲ್ಲಿ ಮಗು ಯಾರು, ಅಪ್ಪ ಯಾರು?
ಲ್ಯಾಟಿನ್ ಜ್ಞಾನಸ್ನಾನ ದಾಖಲೆ ಓದುವಾಗ ಮೊದಲು ಹೆಸರುಗಳ ಕೊನೆಯನ್ನು ನೋಡಿ. ಕನ್ನಡದಂತೆಯೇ ಲ್ಯಾಟಿನ್ನಿನಲ್ಲೂ ವಿಭಕ್ತಿ ಪ್ರತ್ಯಯ ಹೆಸರಿಗೇ ಅಂಟಿಕೊಳ್ಳುತ್ತದೆ. ‘ಪೇತ್ರುಮ್, ಫಿಲಿಯುಮ್ ಆಂತೋನಿಯಿ ಎತ್ ಮರಿಯೇ’ ಎಂದಿದ್ದರೆ ‘ಪೇತ್ರುಮ್’ ಎಂದರೆ ಪೇತ್ರುಸನನ್ನು, ಪಾದ್ರಿ ಜ್ಞಾನಸ್ನಾನ ಮಾಡಿಸಿದ್ದು ಅವನನ್ನು, ಹಾಗಾಗಿ ಅವನೇ ಮಗು, ‘ಫಿಲಿಯುಮ್’ ಮಗನನ್ನು, ‘ಆಂತೋನಿಯಿ’ ಆಂತೋನಿಯುಸನ, ‘ಎತ್’ ಮತ್ತು, ‘ಮರಿಯೇ’ ಮರಿಯಾಳ. ಹುಡುಗಿಯಾದರೆ ‘ಆನ್ನಾಮ್, ಫಿಲಿಯಾಮ್’. ವಂಶವೃಕ್ಷಕ್ಕೆ ಬರೆಯುವಾಗ ಪ್ರತ್ಯಯ ಕಳಚಿ ಮೂಲ ರೂಪವನ್ನೇ ಬರೆಯಿರಿ. ಇಲ್ಲವಾದರೆ ಆಂತೋನಿಯುಸ್, ಆಂತೋನಿಯಿ ಎಂದು ಒಬ್ಬನೇ ಅಜ್ಜ ಇಬ್ಬರಾಗಿಬಿಡುತ್ತಾನೆ, ಆಮೇಲೆ ಅವರನ್ನು ಒಂದಾಗಿಸುವುದು ಬಹಳ ಕಷ್ಟ. ಕೆಲವು ಹೆಸರುಗಳು ಬೇರೆ ಬಗೆಯಲ್ಲಿ ಬದಲಾಗುತ್ತವೆ, ಉದಾಹರಣೆಗೆ ಯೋವಾನ್ನೆಸ್ ಎಂಬುದು ‘ಯೋವಾನ್ನೆಮ್’ (ಯೋವಾನ್ನೆಸನನ್ನು), ‘ಯೋವಾನ್ನಿಸ್’ (ಯೋವಾನ್ನೆಸನ) ಎಂದಾಗುತ್ತದೆ. ಪಾದ್ರಿಗಳು ಹೆಸರನ್ನು ಮೊಟಕುಗೊಳಿಸಿದ್ದರೆ ಅಥವಾ ದಾಖಲೆ ಗೋವಾ ಕಡೆಯದಾಗಿ ಪೋರ್ಚುಗೀಸ್ ಭಾಷೆಯಲ್ಲಿದ್ದರೆ ಈ ಉಪಾಯ ನಡೆಯದು.